ದುರ್ಗಮ್ಮ ಹಾಕಿದ ಭೂಮಿ ಹುಣ್ಣಿಮೆ ಊಟ

ಅಂಬ್ಲಿಗೊಳದ ಹಿನ್ನೀರು ತುಂಬಿತೆಂದರೆ ಗುಡ್ಡೆಕೇರಿ ದ್ವೀಪ. ಸಂಕ್ರಾಂತಿ ದಾಟುವವರೆಗೂ ಸುತ್ತ ನೀರೇ ನೀರು, ಕುಡಿಯಲು ಮಾತ್ರ ಒಂದು ಚೊಂಬು ಒಳ್ಳೆಯ ನೀರಿಲ್ಲ. ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ. ಆಚೆ ದಡದ ದೊಡ್ಡೂರಿನಲ್ಲಿ ಮನೆಮನೆಗೂ ನಲ್ಲಿ ಬಂದು, ಜನ ಅದರಲ್ಲಿ ಎಮ್ಮೆ ಮೈಯನ್ನೂ ತೊಳೆಯುತ್ತಿದ್ದರು. ಈಚೆ ದುರ್ಗಮ್ಮ ಪಾಚಿ ನೀರನ್ನು ಹಳೇ ಸೀರೆಯಲ್ಲಿ ಸೋಸಿ ಕಾಯಿಸುತ್ತಿದ್ದಳು. ಶೌಚಾಲಯಕ್ಕೆ ಗುಂಡಿ ತೋಡಿದರೆ ಮಳೆಗಾಲದಲ್ಲಿ ನೀರು ಉಕ್ಕುತ್ತಿತ್ತು. ಹೆಂಗಸರಿಗೆ ಕತ್ತಲಾದ ಮೇಲೆ ಕಲ್ಲುದಿಬ್ಬವೇ ಗತಿ.

ಆ ನೀರಿನಿಂದಲೇ ಅವಳ ಚೊಚ್ಚಲ ಕೂಸು ವಾಂತಿಭೇದಿಯಾಗಿ ಹೋಗಿತ್ತು. ಅದನ್ನು ಬಲ್ಲ ಸೊಸೆ ಪ್ರಮೀಳಾ, ತೊಗರ್ಸಿಯ ತವರಿನಲ್ಲಿ ಹೆಣ್ಣುಮಗು ಹೆತ್ತವಳು, "ಒಳ್ಳೆ ನೀರು, ಒಂದು ಪಾಯಿಖಾನೆ ಆಗೋತನಕ ಕೂಸನ್ನ ಅಲ್ಲಿಗೆ ತರಂಗಿಲ್ಲ ಅತ್ತೆ" ಎಂದುಬಿಟ್ಟಳು. ದುರ್ಗಮ್ಮನಿಗೆ ಹೊಟ್ಟೆ ಉರಿದದ್ದು ನಿಜ, ಆದರೆ ಸೊಸೆಯ ಮೇಲಲ್ಲ.

ಅರ್ಜಿ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ನೋಡಲು ಯಾರೂ ಬರಲಿಲ್ಲವೇ? ಬರುತ್ತಿದ್ದರು, ಬೇಸಿಗೆಯಲ್ಲಿ. ಅದೇ ಕೆಟ್ಟದ್ದು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಜೀಪು ಕೇರಿಯ ಬಾಗಿಲಿಗೇ ಬರುತ್ತದೆ. ಪಂಚಾಯ್ತಿ ಅಧ್ಯಕ್ಷ ಪರಮಶಿವಪ್ಪ ಇಳಿದು ಬೆವರೊರೆಸಿಕೊಂಡು, "ಎಲ್ಲೈತಿ ನಿಮ್ ದ್ವೀಪ? ಎರಡ್ ಹೆಜ್ಜಿ ನಡದು ನೀರ್ ತರಾಕ ಏನ್ ಧಾಡಿ?" ಎಂದು ನಕ್ಕು ಹೋಗುತ್ತಿದ್ದ. ಮಳೆಗಾಲದಲ್ಲಿ ಅವನ ನೆರಳೂ ಇತ್ತ ಬೀಳುತ್ತಿರಲಿಲ್ಲ.

ಭೂಮಿ ಹುಣ್ಣಿಮೆಯ ದಿನ ಬಸುರಿ ಭೂಮಿತಾಯಿಗೆ ಹೊಲದಲ್ಲಿ ಎಡೆಯಿಟ್ಟು ಅಲ್ಲೇ ಕೂತು ಉಣ್ಣುವುದು ಇಲ್ಲಿಯ ಪದ್ಧತಿ. ದುರ್ಗಮ್ಮ ದೊಡ್ಡೂರಿಗೆ ಹೋಗಿ ಪರಮಶಿವಪ್ಪನನ್ನು ಕರೆದಳು. "ಬಸುರಿ ತಾಯಿ ಎಡಿ ರೀ, ಒಲ್ಲೆ ಅನ್ಬ್ಯಾಡ್ರಿ."

ಪರಮಶಿವಪ್ಪ ಊಟಪ್ರಿಯ, ದೈವಭೀರು ಬೇರೆ. ಬಂದ. ದುರ್ಗಮ್ಮನ ಗಂಡ ಕಲ್ಲಪ್ಪ ಅವನನ್ನು ತೆಪ್ಪದಲ್ಲಿ ದಾಟಿಸಿ, ತೆಪ್ಪ ತಿರುಗಿಸಿಕೊಂಡು ಶಿರಾಳಕೊಪ್ಪದ ಕಡೆ ಹೊರಟುಹೋದ. ಹಬ್ಬದ ದಿನ ಪೇಟೆಯಲ್ಲೇನು ಕೆಲಸ ಎಂದು ಕೇರಿಯಲ್ಲಿ ಒಬ್ಬರೂ ಕೇಳಲಿಲ್ಲ.

ಕಡುಬು, ಬುತ್ತಿ, ಕುಂಬಳಕಾಯಿ ಪಲ್ಯ ಎಲ್ಲವೂ ಸೊಗಸಾಗಿ ಇಳಿದವು. ಅಧ್ಯಕ್ಷರು ತಂದ ಬಾಟಲಿ ನೀರು ಊಟದ ನಡುವೆಯೇ ಮುಗಿಯಿತು. ದುರ್ಗಮ್ಮ ಚೊಂಬು ಮುಂದಿಟ್ಟಳು. ಅದರ ವಾಸನೆಗೇ ಅವನ ಮುಖ ಬಾಡಿತು.

"ಕಾಸಿದ್ದೇ ರೀ, ನಾವು ಕುಡಿಯಾದು ಇದನ್ನೇ."

ಸ್ವಲ್ಪ ಹೊತ್ತಿಗೆ ಕಡುಬು ತನ್ನ ಕೆಲಸ ತೋರಿಸಿತು. ಪರಮಶಿವಪ್ಪ ಮೆಲ್ಲಗೆ, "ಪಾಯಿಖಾನಿ ಎಲ್ಲೈತವ್ವಾ?" ಎಂದ.

"ದಿಬ್ಬ ಐತಿ. ಕತ್ತಲಾಗ್ಲಿ ತಡೀರಿ, ನಾವೂ ಹಂಗೇ ಕಾಯ್ತೀವಿ."

"ತೆಪ್ಪ ಕರಸ್ರಿ, ಮನಿಗ್ ಹೋಕ್ಕೀನಿ."

"ತೆಪ್ಪ ಯಾಕ್ರೀ, ಎರಡ್ ಹೆಜ್ಜಿ. ನಡದ್ ಹೋಗ್ರಿ."

ಆಮೇಲೆ ದಿಬ್ಬದ ಮೇಲೆ ಏನಾಯಿತು ಎಂಬುದನ್ನು ದೊಡ್ಡವರ ಮರ್ಯಾದೆಗಾಗಿ ಬರೆಯುವುದು ಬೇಡ. ಸಂಜೆ ತೆಪ್ಪ ಬಂದಾಗ ಅವನು ಹತ್ತಿ ಕೂತು, ಹುಟ್ಟನ್ನು ನೀರಿಗಿಳಿಸಿ ಆಳ ನೋಡಿದ. ಆಮೇಲೆ, "ಬ್ಯಾಸಿಗ್ಯಾಗ ಈ ತಳದಾಗೇ ಪೈಪ್ ಹೂಳಬೋದಲ್ಲ?" ಎಂದ.

"ಅರ್ಜಿಯಾಗ ಅದನ್ನೇ ಬರದಿದ್ವಿ ರೀ."

"ಈ ಬ್ಯಾಸಿಗಿಗೇ ಮಾಡಸ್ತೀನಿ, ಪಾಯಿಖಾನಿನೂ" ಎಂದ ಪರಮಶಿವಪ್ಪ ಮಾತು ತಪ್ಪಲಿಲ್ಲ. ಬೇಸಿಗೆಯಲ್ಲಿ ಒಣಗಿದ ತಳ ಅಗೆದು ಪೈಪು ಹೂತರು. ಎತ್ತರದ ಕಲ್ಲುಕಟ್ಟೆ ಕಟ್ಟಿ, ಅದರ ಮೇಲೆ ನೀರು ನುಗ್ಗದಂಥ ಶೌಚಾಲಯಗಳನ್ನು ಏಳಿಸಿದರು.

ಮುಂಗಾರಿಗೆ ಗುಡ್ಡೆಕೇರಿ ಮತ್ತೆ ದ್ವೀಪವಾಯಿತು. ಪ್ರಮೀಳಾ ಕೂಸನ್ನೆತ್ತಿಕೊಂಡು ತೆಪ್ಪದಿಂದ ಇಳಿದಳು. ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಚೊಂಬು ತುಂಬಿ ಮೊದಲು ಅತ್ತೆಯ ಕೈಗೆ ಕೊಟ್ಟಳು.

ದುರ್ಗಮ್ಮ ಗಟಗಟ ಕುಡಿದಳು. "ಇದಕ್ಕ ರುಚಿನೇ ಇಲ್ಲಲ್ಲೇ."

"ಒಳ್ಳೆ ನೀರು ಹಂಗೇ ಇರ್ತತಿ ಅತ್ತೆ."

ಈ ರುಚಿಯಿಲ್ಲದ ನೀರು ತನ್ನ ಚೊಚ್ಚಲ ಕೂಸಿಗೆ ಸಿಕ್ಕಿದ್ದರೆ ಎನ್ನಿಸಿ ದುರ್ಗಮ್ಮ ಎಲ್ಲರೆದುರೇ ಬಾಯಿಬಿಟ್ಟು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಗುಟುಕು ಕುಡಿಸಿದಳು. ಕೂಸು ಚಪ್ಪರಿಸಿ, ಇನ್ನೂ ಬೇಕೆಂದು ಬಾಯಿ ತೆರೆಯಿತು.