ಬೇಳೆ ಬೆಂದ ಊರು

ಈ ವರ್ಷದ ಮಾಘದಲ್ಲಿ ನಮ್ಮ ಅವ್ವ ಎರಡು ಊರುಗಳನ್ನು ಒಲೆಯ ಮೇಲಿಟ್ಟು ಬೇಯಿಸಿದಳು. ಒಂದು ಕುರುಗೋಡು, ಇನ್ನೊಂದು ಸಿರುಗುಪ್ಪ.

ನಗಬೇಡಿ. ಬಳ್ಳಾರಿಯವರಾದರೆ ನಿಮಗೂ ಈ ಪದ್ಧತಿ ಗೊತ್ತು. ಹೊಸ ಊರಿನಲ್ಲಿ ಸಂಸಾರ ಹೂಡುವ ಮುಂಚೆ ಅಲ್ಲಿಂದ ಒಂದು ತಂಬಿಗೆ ನೀರು ತರಿಸಿ, ಅದರಲ್ಲಿ ತೊಗರಿಬೇಳೆ ಬೇಯಲು ಇಡುತ್ತಾರೆ. ಬೇಳೆ ಕರಗಿದರೆ ಊರು ಪಾಸು. ಇಡಿಯಾಗಿ ನಿಂತರೆ ಫೇಲು. ನಮ್ಮ ಕೌಲ್ ಬಜಾರಿನ ಸವಳು ನೀರಿನಲ್ಲಿ ಬೆಳಗ್ಗೆ ಇಟ್ಟ ಬೇಳೆ ಮಧ್ಯಾಹ್ನದವರೆಗೂ ಹಟ ಹಿಡಿದು ಕೂತಿರುತ್ತದೆ. ಜೀವಮಾನವಿಡೀ ಅಂಥ ಬೇಳೆಯ ಜೊತೆ ಗುದ್ದಾಡಿದ ಹೆಂಗಸರಿಗೆ ಬೇರೆ ಯಾವ ಪರೀಕ್ಷೆ ಹೊಳೆದೀತು?

(ಎರಡು ವಾರ ಈ ಪತ್ರಿಕೆಯಲ್ಲಿ ನನ್ನ ಜಾಗ ಏಕೆ ಖಾಲಿ ಇತ್ತು ಎಂದು ಕೆಲವರು ಕೇಳಿದಿರಿ. ಇದೇ ಉತ್ತರ. ಸ್ವಲ್ಪ ತಾಳ್ಮೆಯಿಂದ ಓದಿ.)

ನನ್ನ ತಂಗಿ ಇಂದಿಯನ್ನು ಮೈಸೂರು ಸಂಸ್ಥಾನಕ್ಕೆ ಕೊಟ್ಟಿದ್ದೆವು. ಎರಡು ಬಸುರು ಕಳೆದುಕೊಂಡಿದ್ದಳು. ಮೂರನೆಯದು ಆಗಷ್ಟೇ ನಿಂತಿತ್ತು. ಈ ಸಲವಾದರೂ ತವರಿನ ಹತ್ತಿರ ಇರಲಿ ಎಂದು ಅವಳ ಗಂಡ ಮಾಧವರಾಯರು ಸಂಸ್ಥಾನ ಬಿಟ್ಟು ಇಂಗ್ಲಿಷರ ಸೀಮೆಯಾದ ನಮ್ಮ ಮದರಾಸು ಇಲಾಖೆಗೆ ಬರಲು ಒಪ್ಪಿದರು. ಪಾಪ, ಒಳ್ಳೆಯ ಮನುಷ್ಯ. ಮೇಷ್ಟರ ಕೆಲಸ ಎರಡು ಕಡೆ ಖಾಲಿ ಇತ್ತು, ಕುರುಗೋಡಿನಲ್ಲಿ ಮತ್ತು ಸಿರುಗುಪ್ಪದಲ್ಲಿ. ಯಾವುದು ಬೇಕೋ ಆರಿಸಿಕೊಳ್ಳಿ ಎಂದರು ಶಾಲೆಯ ಅಧಿಕಾರಿಗಳು. ನಾನೂ ರಾಯರೂ ಬಂಡಿ ಕಟ್ಟಿಸಿಕೊಂಡು ಊರು ನೋಡಲು ಹೊರಟೆವು.

ಮೊದಲು ಕುರುಗೋಡು. ಅಲ್ಲಿ ಏನಿದೆ ಹೇಳಿ? ಬೋಳು ಗುಡ್ಡ, ಒಂದರ ಹೆಗಲ ಮೇಲೊಂದು ಕೂತ ಬಂಡೆ, ಹಳೆಯ ಗುಡಿಗಳು, ಮೈ ಸುಡುವ ಬಿಸಿಲು. ರಾಯರು ಕುತ್ತಿಗೆ ಒರೆಸಿಕೊಂಡು, “ಇಲ್ಲಿಯ ಜನ ಕಣ್ಣು ಇಟ್ಟುಕೊಂಡು ಏನು ನೋಡ್ತಾರೆ ಸ್ವಾಮಿ?” ಎಂದರು. ನಾನು ತಂಬಿಗೆಗೆ ಬಾವಿಯ ನೀರು ತುಂಬಿಸಿಕೊಂಡೆ.

ತೆಕ್ಕಲಕೋಟೆ ದಾಟಿದ ಮೇಲೆ ರಾಯರ ಮುಖ ಅರಳಿತು. ಸಿರುಗುಪ್ಪ ಮುಟ್ಟುವ ಹೊತ್ತಿಗೆ ಬಂಡಿಯಲ್ಲಿ ಎದ್ದೇ ನಿಂತುಬಿಟ್ಟರು. ಕಾಲುವೆ ತುಂಬ ನೀರು, ಕಣ್ಣು ಹಾಯುವಷ್ಟು ದೂರ ನೆಲ್ಲು, ನಡುವೆ ಬೆಳ್ಳಕ್ಕಿ. “ಸೀನರಿ ಅಂದ್ರೆ ಇದು!” ಎಂದರು. (ಈ ಪದವನ್ನು ಅವರು ಸಂಸ್ಥಾನದ ಯಾವುದೋ ಇನ್‌ಸ್ಪೆಕ್ಟರ್ ಸಾಹೇಬರಿಂದ ಕಲಿತು ಬಂದಿದ್ದರು.) ಸುಳ್ಳೇಕೆ ಹೇಳಲಿ, ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ.

ಬಾಡಿಗೆಗೆ ಒಂದು ಮನೆ ಸಿಕ್ಕಿತು. ಹಿತ್ತಲ ಬಾಗಿಲು ತೆರೆದರೆ ಗದ್ದೆ. ಮನೆಯ ಒಡತಿ ಗೌರಮ್ಮ, ಪಕ್ಕದಲ್ಲೇ ಇರುವ ವಯಸ್ಸಾದ ಹೆಂಗಸು. ರಾಯರು ಅವಳನ್ನು ವಕೀಲರ ಹಾಗೆ ವಿಚಾರಿಸಿದರು. ನೀರು ಹೇಗೆ? ಗಾಳಿ ಹೇಗೆ? ಸೆಖೆ ಎಷ್ಟು?

“ನೀರು ಅಮೃತರೀ,” ಎಂದಳು ಗೌರಮ್ಮ. “ಬ್ಯಾಸಿಗ್ಯಾಗೂ ಬೀಸಣಿಗಿ ಬ್ಯಾಡ. ಸಂಜಿಮುಂದ ಸೊಳ್ಳಿ ಒಂದೀಟು ಅದಾವ, ಬೇವಿನ ಸೊಪ್ಪಿನ ಹೊಗಿ ಹಾಕಿದ್ರ ಹೋಗ್ತಾವ.”

ಒಂದು ಮಾತೂ ಸುಳ್ಳಲ್ಲ. ಅದೇ ನನಗೆ ಈಗಲೂ ಸಂಕಟ.

ಬಳ್ಳಾರಿಗೆ ಮರಳಿದೆವು, ಅವ್ವ ಎರಡು ಒಲೆ ಹಚ್ಚಿದಳು. ಸಿರುಗುಪ್ಪದ ನೀರಿನಲ್ಲಿ ಬೇಳೆ ಒಂದು ಕುದಿಗೇ ಒಡೆಯಿತು. ಕುರುಗೋಡಿನದು ಕಾಳು ಕಾಳಾಗಿ ನಿಂತಿತು. “ನೋಡ್ರಿ ಅಳಿಯಂದ್ರ, ಇದು ಬೆಣ್ಣಿ ಆತು,” ಎಂದು ಅವ್ವ ಸೌಟು ಎತ್ತಿ ತೋರಿಸಿದಳು. ಅವಳು ಧಾತು ಸಂವತ್ಸರದ ಬರ ಕಂಡವಳು. ನೀರು, ಹಸಿರು ಎಂದರೆ ಅವಳಿಗೆ ಜೀವ. ಅಲ್ಲಿ ಸಾವಿರಬಹುದು ಎಂದು ಅವಳಿಗೆ ಹೇಗೆ ತೋಚಬೇಕು?

ತವರಿಗೆ ಬಂದಿದ್ದ ಇಂದಿ ಬಾಗಿಲ ಹತ್ತಿರ ನಿಂತಿದ್ದಳು. “ಕುರುಗೋಡಾದ್ರ ನಿಮ್ಮನ್ನ ನೋಡಾಕ ಬರೋದು ಸಮೀಪ ಆಕ್ಕಿತ್ತು,” ಎಂದಳು, ಮೆಲ್ಲಗೆ.

“ಬ್ಯಾಳಿ ಬೇಯದ ಊರಾಗ ಬಸುರಿ ಹೆಂಗ ಇರ್ತಾಳ?” ಎಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು.

ಈಗ ರೈಲು ಬಂದಿದೆ. ಸಂಸ್ಥಾನದಿಂದ ಇಲಾಖೆಗೆ, ಇಲಾಖೆಯಿಂದ ನಿಜಾಮರ ಸೀಮೆಗೆ ಜನ ಗಂಟು ಕಟ್ಟುತ್ತಲೇ ಇದ್ದಾರೆ. ಎಲ್ಲರ ಬಾಯಲ್ಲೂ ಹವೆ, ನೋಟ, ತಂಪು. ನಮ್ಮ ಕಂಟೋನ್ಮೆಂಟಿನ ಸಾಹೇಬರು ಬೇಸಿಗೆಯಲ್ಲಿ ರಾಮನದುರ್ಗ ಹತ್ತುತ್ತಾರೆ, ಸೀನರಿ ನೋಡುತ್ತಾರೆ, ಇಳಿದು ಬರುತ್ತಾರೆ. ಹಿಂದೆ ಡಾಕ್ಟರೂ ಇರುತ್ತಾನೆ. ಅವರ ಕಣ್ಣನ್ನು ಸಾಲ ತಂದು ನಾವು ಒಲೆ ಹೂಡುವ ಜಾಗ ಹುಡುಕಿದರೆ ಆಗುತ್ತದೆಯೇ?

ಚೈತ್ರದಲ್ಲಿ ಇಂದಿಯೂ ರಾಯರೂ ಸಿರುಗುಪ್ಪಕ್ಕೆ ಹೋದರು. ಆಷಾಢದಲ್ಲಿ ಮಳೆ ಹಿಡಿಯಿತು, ಗದ್ದೆಗಳಲ್ಲಿ ನೀರು ನಿಂತಿತು. ಇಂದಿಗೆ ಚಳಿಜ್ವರ ಶುರುವಾಯಿತು, ಒಂದು ದಿನ ಬಿಟ್ಟು ಒಂದು ದಿನ. ನೆನೆದ ಗದ್ದೆಯಿಂದ ಏಳುವ ಕೆಟ್ಟ ಗಾಳಿ ಎಂದರು ಡಾಕ್ಟರು. ಕ್ವಿನೈನ್ ಕೊಟ್ಟರು. ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯಿತು. ಶ್ರಾವಣದಲ್ಲಿ, ಏಳನೆಯ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಕೂಸು. ಹೆಸರಿಡುವವರೆಗೂ ಉಳಿಯಲಿಲ್ಲ.

ಸುದ್ದಿ ಬಂದ ದಿನವೇ ಅವಳನ್ನು ಕರೆತರಲು ಹೋದೆ. ನಡು ಮಧ್ಯಾಹ್ನ ಎರಡು ಕಂಬಳಿ ಹೊದ್ದು ಇಂದಿ ಹಲ್ಲು ಕಡಿಯುತ್ತಿದ್ದಳು. ರಾಯರು ಗದ್ದೆಯ ಕಡೆಗೆ ಬೆನ್ನು ಹಾಕಿ ಕೂತಿದ್ದರು. ಗೌರಮ್ಮ ಅತ್ತಳು. ನಿಜವಾದ ಅಳು, ಕಳ್ಳ ಅಳುವಲ್ಲ. ಅಳುತ್ತಲೇ ಅಂದಳು, “ಹೋದ ವರ್ಷ ಈ ಮನ್ಯಾಗ ಇದ್ದ ಗುಮಾಸ್ತರ ಹೆಂಡ್ತಿನೂ ಹಿಂಗ ಹೋದ್ಲುರೀ. ಅದಕ್ಕಿಂತ ಮೊದ್ಲ ನನ್ನ ಸೊಸಿ.”

ನನಗೆ ಮೈ ಉರಿಯಿತು. “ಅವತ್ತು ಯಾಕ ಹೇಳ್ಲಿಲ್ಲ?”

ಗೌರಮ್ಮ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. “ಸಂಸಾರ ಹೂಡಾಕ ಬಂದೋರ ಮುಂದ ಸಾವಿನ ಮಾತು ಆಡಾದೇನ್ರಿ? ನಾಲಿಗಿ ಹೆಂಗ ಹೊಳ್ಳತೈತಿ? ನಿಮ್ಮ ಮನ್ಯಾಗ ಆಡ್ತೀರೇನು?”

ಇಲ್ಲ. ಆಡುವುದಿಲ್ಲ. ಅಕ್ಕಿ ತೀರಿದರೆ ತುಂಬಿದೆ ಅನ್ನುವ ಜನ ನಾವು. ದೀಪ ಆರಿಸುವುದಕ್ಕೆ ದೊಡ್ಡದು ಮಾಡು ಅನ್ನುತ್ತೇವೆ. ಮನೆ ನೋಡಲು ಬಂದವರಿಗೆ ಇಲ್ಲಿ ಯಾರು ಸತ್ತರು ಎಂದು ಬಳ್ಳಾರಿಯಲ್ಲಿ ತಾನೇ ಯಾರು ಹೇಳುತ್ತಾರೆ? ಕೇಳುವವರಾದರೂ ಯಾರು? ಕೇಳಿದವನ ಬಾಯಿಗೇ ಹೊಡೆಯುತ್ತಾರೆ.

ಬಂಡಿಗೆ ಹುಲ್ಲು ಹಾಸಿ ಇಂದಿಯನ್ನು ಮಲಗಿಸಿದೆವು. ಅಷ್ಟರಲ್ಲಿ ಇನ್ನೊಂದು ಬಂಡಿ ಬಂದು ಬಾಗಿಲಿಗೆ ನಿಂತಿತು. ಹೊಳೆಯಾಚೆಯ ನಿಜಾಮರ ಸೀಮೆಯವನು, ಇಲ್ಲಿ ಅಕ್ಕಿ ವ್ಯಾಪಾರಕ್ಕೆ ಬರುವವನಂತೆ. ಮನೆ ಖಾಲಿಯಾಗುವ ಸುಳಿವು ಹೇಗೋ ಸಿಕ್ಕಿತ್ತು. ಜೊತೆಯಲ್ಲಿ ಹೆಂಡತಿ, ತುಂಬು ಬಸುರಿ, ಕೈತುಂಬ ಹೊಸ ಬಳೆ. ಅವನು ಸೀದಾ ಹಿತ್ತಲಿಗೆ ಹೋಗಿ, “ಏನ್ ಹಸಿರುರೀ! ನಮ್ಮ ಕಡಿ ಬರೇ ಕಲ್ಲು,” ಎಂದು ಹಿಗ್ಗಿದ. ಹೊರಗೆ ಬಂದು, “ನೀವ್ಯಾಕ ಬಿಡಾಕ ಹತ್ತೀರಿ?” ಎಂದು ಕೇಳಿದ.

ಗೌರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಾನು ಬಂಡಿಯ ಹುಲ್ಲು ಸರಿಮಾಡಿದೆ. ಬಂಡಿಯೊಳಗಿಂದ ಇಂದಿ ಮೊಣಕೈ ಊರಿ ಎದ್ದಳು. ಅವನನ್ನು ನೋಡಲಿಲ್ಲ, ಅವನ ಹೆಂಡತಿಯನ್ನು ನೋಡಿದಳು.

“ಈ ಮನಿ ಬ್ಯಾಡವ್ವಾ. ನನ್ನ ಕೂಸು ಇಲ್ಲೇ ಸತ್ತು ಹೋತು. ನಾನೂ ಉಳಿಯಂಗಿಲ್ಲ. ನೀನು ಬಸುರಿ, ಹಿಂದಕ್ಕ ಹೋಗು.”

ಗೌರಮ್ಮ ಎದೆ ಹಿಡಿದುಕೊಂಡಳು. “ಶಿವಶಿವಾ! ಬಿಡ್ತು ಅನ್ನವ್ವಾ, ಬಿಡ್ತು ಅನ್ನು!”

ಇಂದಿ ಬಿಡ್ತು ಅನ್ನಲಿಲ್ಲ. ಹಾಗೇ ಹುಲ್ಲಿನ ಮೇಲೆ ಒರಗಿದಳು.

ಆ ಮನುಷ್ಯನ ಮುಖ ಬಿಳಿಚಿಕೊಂಡಿತು. ಹೆಂಡತಿಯ ಕೈ ಹಿಡಿದು ಬಂಡಿ ಹತ್ತಿಸಿದ. ನನಗೆ ಅಳುವಿನ ನಡುವೆಯೂ ಒಂದು ಸಮಾಧಾನ. ನಮ್ಮ ಹುಡುಗಿ ಒಂದು ಜೀವವನ್ನಾದರೂ ಉಳಿಸಿದಳಲ್ಲ! ಹೊರಡುವ ಮುನ್ನ ಅವನು ಗೌರಮ್ಮನ ಹತ್ತಿರ ಬಗ್ಗಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

“ಇವತ್ತು ಶಕುನ ಸರಿ ಇಲ್ಲವ್ವಾ. ಗುರುವಾರ ಬರ್ತೀನಿ.”

ಇಂದಿ ಕುರುಗೋಡಿನವರೆಗೆ ಬಂದಳು. ಅಲ್ಲಿಂದ ಮುಂದೆ ಬರಲಿಲ್ಲ. ಅಲ್ಲಿಯ ಜನ ನಮಗೆ ನೆರಳು ಕೊಟ್ಟರು, ಕಟ್ಟಿಗೆ ಕೊಟ್ಟರು. ರಾಯರು ಕೆಲಸ ಬಿಟ್ಟು ತಮ್ಮ ಸಂಸ್ಥಾನಕ್ಕೆ ಹೋದರು. ಅವ್ವ ಒಲೆಯ ಮೇಲೆ ಬೇಳೆ ಇಡುವುದನ್ನೇ ಬಿಟ್ಟಿದ್ದಾಳೆ.

ನಿನ್ನೆ ಸಿರುಗುಪ್ಪದ ಬಂಡಿಯವನೊಬ್ಬ ಸಿಕ್ಕಿದ್ದ. ಗುರುವಾರ ಒಳ್ಳೆಯ ಮುಹೂರ್ತ ನೋಡಿ, ಆ ಮನೆಯಲ್ಲಿ ಹಾಲು ಉಕ್ಕಿಸಿದರಂತೆ.