ಕಾಲು ತೊಳೆಯದೆ ಒಳಗೆ ಬಂದದ್ದು

ಮೊನ್ನೆ ಶಾಲೆಯ ನೀರಿನ ತೊಟ್ಟಿ ತೊಳೆಸುವಾಗ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯಿತು. ಪಾಠ ನಿಲ್ಲಿಸಿ ಹೊರಗೆ ಬಂದು ನಿಂತೆ. ನಮ್ಮೂರು ಕಲ್ಯದಲ್ಲಿ ಪಕ್ಕದ ಮನೆಯ ದೊಡ್ಡವ್ವ ಇದೇ ಪುಡಿ ಕಲಸಿದ ನೀರನ್ನು ರೇಷ್ಮೆಹುಳು ಸಾಕುವ ಕೋಣೆಯ ಬಾಗಿಲಲ್ಲಿ ಇಡುತ್ತಿದ್ದಳು...

ಅದರಲ್ಲಿ ಕಾಲು ಅದ್ದದೆ ಎಂಥ ದೊಡ್ಡ ಮನುಷ್ಯನೂ ಒಳಗೆ ಹೋಗುವಂತಿರಲಿಲ್ಲ. ಹುಳುವಿನ ರೋಗ ಹೊರಗಿನವರ ಕಾಲಿಗೆ ಅಂಟಿಕೊಂಡು ಬರುತ್ತದೆಂದು ಅವಳ ನಂಬಿಕೆ. ಮನೆಯವರಿಗೆ ಮಾತ್ರ ಈ ಕಟ್ಟಳೆ ಇರಲಿಲ್ಲ. ಒಮ್ಮೆ ಅವಳ ತಮ್ಮ, ತನ್ನ ಮನೆಯ ರೋಗದ ಹುಳುಗಳನ್ನು ಬಿಸಾಕಿ ಬಂದವನು, ಸೀದಾ ಒಳಗೆ ನುಗ್ಗಿದ. ಒಡಹುಟ್ಟಿದವನನ್ನು ತಡೆಯಲು ಅವಳಿಗೆ ಬಾಯಿ ಬರಲಿಲ್ಲ. ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಊದಿಕೊಂಡು ಸತ್ತವು.

ಮೂರು ವರ್ಷದ ಹಿಂದೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವಳು ನನ್ನ ಕೈ ಹಿಡಿದು ತನ್ನ ಎದೆಯ ಪಕ್ಕಕ್ಕೆ ಇಟ್ಟುಕೊಂಡಳು. ಕಡಲೆಕಾಳಿನಷ್ಟು ಗಂಟು.

“ನೋವಿಲ್ಲ, ಜ್ವರಾನೂ ಇಲ್ಲ. ಕೆಟ್ಟದ್ದಾಗಿದ್ರೆ ಮೈ ಸುಮ್ಕೆ ಇರ್ತಿತ್ತಾ?”

ನಾನು ವಿಜ್ಞಾನದ ಟೀಚರು. ಶತ್ರು ಬಂದರೆ ಬಿಳಿ ರಕ್ತಕಣ ಗುರುತು ಹಿಡಿದು ಹೊಡೆಯುತ್ತದೆ, ಹೆದರಬೇಡ ಎಂದು ಪಾಠ ಒಪ್ಪಿಸಿದೆ. ನನ್ನ ಮಾತು ನಂಬಿ ಅವಳು ಎಂಟು ತಿಂಗಳು ಹಾಯಾಗಿ ಹುಳು ಸಾಕಿದಳು.

ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಅದು ಶ್ವಾಸಕೋಶಕ್ಕೂ ಹಬ್ಬಿತ್ತು. ಕಾವಲಿನ ಕಣಗಳು ಏನು ಕಡಿದು ಕಟ್ಟೆ ಹಾಕುತ್ತಿದ್ದವು ಎಂದು ಡಾಕ್ಟರ ಮೇಲೆ ರೇಗಿದೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ಕ್ಯಾನ್ಸರ್ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಜೀವಕೋಶ ಕೆಟ್ಟು ನಿಂತದ್ದು. ತನ್ನನ್ನು ಹಿಡಿದುಕೊಡುವ ಗುರುತುಗಳನ್ನು ಅದು ಮುಚ್ಚಿಡುತ್ತದೆ. ಹೊಡೆಯಲು ಬಂದ ಬಿಳಿ ಕಣವನ್ನು ತನ್ನ ಮೈಮೇಲಿನ ಒಂದು ಪ್ರೋಟೀನಿನಿಂದ ಮುಟ್ಟಿ, ನಾನು ನಿಮ್ಮವನೇ, ಸುಮ್ಮನಿರು ಅನ್ನುತ್ತದೆ. ಕಾವಲಿನವನು ತೆಪ್ಪಗಾಗುತ್ತಾನೆ.

ಮೈಯೆಲ್ಲ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆ. ಅರ್ಧ ಓದಿಕೊಂಡು ಪೂರ್ತಿ ಧೈರ್ಯ ಹೇಳಿದ್ದೆನಲ್ಲ.

ಡಾಕ್ಟರು ಹೇಳಿದ್ದನ್ನು ಅವಳಿಗೂ ಹೇಳಿದೆ.

“ನನ್ ತಮ್ಮನ್ನೂ ಹಿಂಗೇ ಒಳಕ್ಕೆ ಬುಟ್ಟೆ ಕಣವ್ವ,” ಅಂದಳು.

ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ...

ಮೊನ್ನೆ ತರಗತಿಗೆ ವಾಪಸ್ ಹೋದಾಗ ಬಿಳಿ ರಕ್ತಕಣ ದೇಹದ ಸೈನಿಕ ಎಂಬ ನನ್ನದೇ ಸಾಲು ಬೋರ್ಡಿನ ಮೇಲಿತ್ತು. ಅದರ ಕೆಳಗೆ, ನೋವಿಲ್ಲದ ಗಂಟನ್ನೂ ತಕ್ಷಣ ಡಾಕ್ಟರಿಗೆ ತೋರಿಸಬೇಕು ಎಂದು ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದೆ. ಇದು ಪರೀಕ್ಷೆಗೆ ಬರುತ್ತಾ ಮಿಸ್ ಎಂದು ಒಬ್ಬಳು ಕೇಳಿದಳು.

ಬರುತ್ತೆ ಅಂದೆ. ನನಗೆ ಬಂದಿತ್ತು, ನಾನು ತಪ್ಪು ಉತ್ತರ ಕೊಟ್ಟೆ. ದೊಡ್ಡವ್ವ ಹೋಗಿ ಎರಡು ವರ್ಷವಾಯಿತು.