ಅತ್ತೆಯ ಉಸಿರು, ಯಂತ್ರದ ಫ್ಯಾನು

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಆ ಗ್ರಂಥಾಲಯದಲ್ಲಿ ಅವನು ಎಲ್ಲರ ಬಾಯಲ್ಲೂ ‘ಅಳಿಯ’. ನಿಜವಾದ ಹೆಸರು ಸಂಬಳ ಹಾಕುವವರಿಗೆ ಮಾತ್ರ ಗೊತ್ತಿತ್ತೋ ಏನೋ. ಅವನದು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಅಲ್ಲಿ ಪುಸ್ತಕ ಓದುತ್ತಿದ್ದ ಹಿರಿಯಾಕೆ ಅವನ ಹೆಂಡತಿಯ ತಾಯಿ. ಆಕೆ ಕಾರಿಡಾರಿನ ತುದಿಯಿಂದ “ಅಳಿಯಂದ್ರೇ” ಎಂದು ಕರೆದರೆ ಮಹಡಿಯ ಮೇಲಿನವರೂ ಬಗ್ಗಿ ನೋಡುತ್ತಿದ್ದರು. ಅವನಿಗೆ ಅದರಿಂದ ಬೇಸರವೇನಿರಲಿಲ್ಲ. ತಾಯಿಯನ್ನು ಬೇಗ ಕಳೆದುಕೊಂಡವನು. ಯಾರಾದರೂ ದೊಡ್ಡ ದನಿಯಲ್ಲಿ ಕರೆದರೆ ಹಿತವೆನಿಸುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಓದುವ ಕೋಣೆಯಿಂದ ಹೊರಬಂದು, ಕನ್ನಡಕವನ್ನು ಮಡಚಿ ಡಬ್ಬಿಗೆ ಹಾಕಿದರು.

“ನಾಳೆಯಿಂದ ನಾನು ಬರಲ್ಲ.”

“ಯಾಕತ್ತೆ?”

“ಕೇಳೋರು ಹೇಳ್ತಿದಾರಂತೆ, ನನ್ನ ದನಿ ಹಿಂದೆ ಏನೋ ಬುಸುಗುಟ್ಟೋ ಸದ್ದು ಬರುತ್ತೆ ಅಂತ. ವಯಸ್ಸಾಯ್ತು, ಉಸಿರು ಕೈಕೊಡ್ತಿದೆ. ಮುಖ ಆ ಕಡೆ ತಿರುಗಿಸಿ ಉಸಿರು ಬಿಟ್ಟು ನೋಡಿದೆ. ಆದ್ರೂ ಬರುತ್ತಂತೆ.”

ಆಕೆ ಓದುತ್ತಿದ್ದ, ಹಡಗು ಕಟ್ಟುವವನೊಬ್ಬನ ಬಗೆಗಿನ ದಪ್ಪ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅಳಿಯ ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು ಆಕೆಯ ಧ್ವನಿಮುದ್ರಣ ಕೇಳುತ್ತ ಕೂತ. ಸದ್ದು ಇದ್ದದ್ದು ನಿಜ. ಆದರೆ ಅತ್ತೆ ಪುಟ ತಿರುವುತ್ತ ಉಸಿರು ಬಿಗಿಹಿಡಿದಾಗಲೂ ಅದು ಹಾಗೇ ಇತ್ತು. ಅವನು ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಬೆನ್ನಿಗೆ ಅಂಗೈ ಹಿಡಿದ. ಬಿಸಿಗಾಳಿ ರಪ್ಪನೆ ಬಡಿಯಿತು. ಒಳಗಿನ ಫ್ಯಾನು ಜೀವ ತೇಯುತ್ತಿತ್ತು.

“ಅತ್ತೆ, ಬುಸುಗುಡ್ತಿರೋದು ನೀವಲ್ಲ. ಇದು.”

ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದನ್ನು ಹಿಂದೆ ಯಾರೋ ಸಿದ್ಧಪಡಿಸುವಾಗ, ಪ್ರೊಸೆಸರ್ ಸದಾ ಪೂರ್ತಿ ವೇಗದಲ್ಲೇ ಓಡಲಿ ಎಂದು ಗೊತ್ತುಮಾಡಿದ್ದರು. ಕೆಲಸವಿರಲಿ ಬಿಡಲಿ ಓಟ ಮಾತ್ರ ನಿಲ್ಲದು; ಅದಕ್ಕೇ ಅಷ್ಟು ಬಿಸಿ, ಅಷ್ಟು ಸದ್ದು. ಅಳಿಯ ಕರ್ನಲ್‌ನ ಆಯ್ಕೆಗಳನ್ನು ತೆರೆದು, ಬಿಟ್ಟುಹೋಗಿದ್ದ ವೇಗ ನಿಯಂತ್ರಕಗಳನ್ನು ಸೇರಿಸಿ, ಅದನ್ನು ಹೊಸದಾಗಿ ಕಟ್ಟಲು ಹಚ್ಚಿದ. ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಏನ್ ಮಾಡ್ತಿದೀರಿ?”

“ಗವರ್ನರ್ ಬದಲಾಯಿಸ್ತಿದೀನಿ. ವೇಗ ನೋಡ್ಕೊಳ್ಳೋದಕ್ಕೆ ಅದೇ ಹೆಸರು.”

“ಪರವಾಗಿಲ್ಲ ಕಣ್ರೀ. ನನ್ನ ಅಳಿಯ ಕೂತಲ್ಲೇ ಗವರ್ನರನ್ನ ಬದಲಾಯಿಸ್ತಾರೆ ಅಂತ ಹೇಳ್ಕೊಂಡು ತಿರುಗಬಹುದು.”

ಮೊದಲು ಅವನು ಪ್ರೊಸೆಸರನ್ನು ತೀರ ಕೆಳಗಿನ ವೇಗಕ್ಕೆ ಕಟ್ಟಿಹಾಕಿದ. ಕೋಣೆ ಗಪ್‌ಚಿಪ್ಪಾಯಿತು. ಅತ್ತೆ ಒಂದು ಪುಟ ಓದಿದರು. ಕೇಳಿ ನೋಡಿದರೆ ನಡುನಡುವೆ ಅಕ್ಷರಗಳೇ ನಾಪತ್ತೆ. ಯಂತ್ರ ಓದಿನ ಜೊತೆ ಹೆಜ್ಜೆ ಹಾಕಲಾರದೆ ಮಾತುಗಳನ್ನು ನುಂಗಿತ್ತು.

“ನನ್ನ ಮಾತನ್ನ ಅರ್ಧಕ್ಕೇ ಕತ್ತರಿಸೋದು ನಿಮ್ಮ ಮಾವ ಒಬ್ರೇ ಅಂದ್ಕೊಂಡಿದ್ದೆ,” ಎಂದರು ಅತ್ತೆ.

ಅಳಿಯ ನಕ್ಕ. ಈ ಸಲ ಕೆಲಸಕ್ಕೆ ತಕ್ಕಂತೆ ವೇಗ ಏರಿಸಿ ಇಳಿಸುವ ನಿಯಂತ್ರಕವನ್ನು ಆರಿಸಿ, ಫ್ಯಾನು ಎಚ್ಚರಗೊಳ್ಳದಷ್ಟಕ್ಕೆ ಮೇಲಿನ ಮಿತಿ ಹಾಕಿದ. ಅತ್ತೆ ಮತ್ತೆ ಓದಿದರು. ಇಬ್ಬರೂ ಒಂದೊಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೇಳಿದರು. ದನಿ ತಿಳಿಯಾಗಿತ್ತು. ಒಂದಕ್ಷರವೂ ಕಳೆದಿರಲಿಲ್ಲ. ಆದರೆ ಉದ್ದನೆಯ ವಾಕ್ಯಗಳ ಕೊನೆಯಲ್ಲಿ, ದೂರದಲ್ಲೆಲ್ಲೋ ಪೀಪಿ ಊದಿದ ಹಾಗೆ, ಸಣ್ಣದೊಂದು ಸದ್ದು ಉಳಿದಿತ್ತು.

ಅವನು ಅದನ್ನು ಗಮನಿಸದವನಂತೆ ಇರಬಹುದಿತ್ತು. ಅತ್ತೆ ಅವನ ಮುಖ ನೋಡಿದರು.

“ಇದು?”

“ಇದು ನಿಮ್ದೇ ಅತ್ತೆ,” ಎಂದ ಮೆಲ್ಲಗೆ.

ಆಕೆ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

“ಇಷ್ಟೇನಾ?”

“ಇಷ್ಟೇ.”

“ಇಷ್ಟು ನನಗೂ ಬೇಕಲ್ಲ, ಬದುಕಿರೋಕೆ,” ಎಂದು ಅತ್ತೆ ಕನ್ನಡಕ ಏರಿಸಿಕೊಂಡರು.

ಆ ವಾರವೇ ಅವನು ರಜೆ ಹಾಕಿ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದ. ಎದೆಯಲ್ಲಿ ಸ್ವಲ್ಪ ಉಬ್ಬಸವಿದೆ, ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಂಡರೆ ಓದಲು ಅಡ್ಡಿಯಿಲ್ಲ ಎಂದರು ವೈದ್ಯರು. ಅತ್ತೆ ಈಗ ಮುಖ ತಿರುಗಿಸದೆ, ಬೇಕೆಂದಲ್ಲಿ ನಿಂತು ಉಸಿರೆಳೆದು ಓದುತ್ತಾರೆ. ಹಡಗು ನೀರಿಗಿಳಿಯುವ ಅಧ್ಯಾಯವನ್ನು ಅವರು ಮುಗಿಸಿದ ದಿನ, ಅಳಿಯ ಮೇಜಿನ ಕೆಳಗೆ ಧೂಳು ಒರೆಸುವ ನೆಪದಲ್ಲಿ ಕೊನೆಯವರೆಗೂ ಅಲ್ಲೇ ಕೂತು ಕೇಳಿದ.